ಸರ್ಕಾರಿ ಆರೋಗ್ಯ ವಿಮೆಯ ದಾಖಲೆಗಳು ಮತ್ತು ಸಂಶೋಧಕ: ಒಂದು ಚಾರಿತ್ರಿಕ ಪರಿಶೀಲನೆ

೧

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ ಕ್ರಿ.ಶ. ೧೧೬೨ರ ಶಾಸನ ಕನ್ನಡ ಸಂಶೋಧಕರಿಗೆ ಸುಪರಿಚಿತವಾದುದು. ಕಳಚುರಿ ಬಿಜ್ಜಳನ ಕಾಲದ ಈ ಶಾಸನವು ಆ ಮಠವನ್ನು ವಿದ್ಯಾಸ್ಥಾನವೆಂದೂ ಅನ್ನದಾನದ ನೆಲೆಯೆಂದೂ ವರ್ಣಿಸುವುದರ ಜೊತೆಗೆ, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ದೊರೆಯುತ್ತಿದ್ದ ಸ್ಥಳವೆಂದೂ ಹೇಳುತ್ತದೆ. ದತ್ತಿಯ ವಿಷಯ ನಮಗೆ ಅದರಿಂದ ತಿಳಿಯುತ್ತದೆ. ಆದರೆ ಅಲ್ಲಿಗೆ ಬಂದ ರೋಗಿಗಳು ಯಾರು, ಯಾವ ಊರಿನವರು, ಗುಣಮುಖರಾಗಿ ಹೋದವರೆಷ್ಟು, ಬಾಗಿಲವರೆಗೂ ಬರಲಾಗದೆ ಉಳಿದವರೆಷ್ಟು ಎಂಬುದು ತಿಳಿಯುವುದಿಲ್ಲ. ಇದನ್ನು ಶಾಸನದ ದೋಷವೆನ್ನಲಾಗದು. ದತ್ತಿಯನ್ನು ಸ್ಥಿರಪಡಿಸುವುದು ಅದರ ಕೆಲಸ. ರೋಗಿಯ ಕಥೆಯನ್ನು ಹೇಳುವುದಲ್ಲ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಾವು ಆಧುನಿಕ ಆರೋಗ್ಯ ವಿಮೆಯ ದಾಖಲೆಗಳನ್ನು ಕುರಿತು ಬರೆಯಲು ಹೊರಟಿರುವುದಕ್ಕೆ ಕಾರಣವಿದೆ. ಹೊರನಾಡಿನ ಕನ್ನಡ ವಿಭಾಗಗಳಲ್ಲಿ ಇಂದು ಕಾವ್ಯ, ಶಾಸನ, ವ್ಯಾಕರಣಗಳ ಅಧ್ಯಯನದ ಜೊತೆಗೆ ವಲಸೆ ಬಂದ ಕನ್ನಡಿಗರ ಜೀವನಸ್ಥಿತಿಯ ಅಧ್ಯಯನವೂ ಸೇರಿದೆ. ಮುಂಬಯಿಯ ಹೋಟೆಲು ಕಾರ್ಮಿಕರು, ಗೋವೆಯ ಕಟ್ಟಡ ಕೆಲಸಗಾರರು, ಪುಣೆ, ಹೈದರಾಬಾದುಗಳ ದಿನಗೂಲಿಗಳು ಕಾಯಿಲೆ ಬಿದ್ದಾಗ ಏನು ಮಾಡಿದರು ಎಂಬ ಪ್ರಶ್ನೆ ಇಂತಹ ಅಧ್ಯಯನಗಳಲ್ಲಿ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಉತ್ತರ ಸರ್ಕಾರದ ವಿಮಾ ಕಚೇರಿಗಳಲ್ಲಿ ಇದೆಯೆಂದು ಸಂಶೋಧಕರು ಭಾವಿಸುತ್ತಾರೆ. ಅಲ್ಲಿ ಇರುವುದೇನು, ಅದು ಯಾರ ಕೈಗೆ ಎಷ್ಟರಮಟ್ಟಿಗೆ ಬಂದಿದೆ, ಬಂದುದನ್ನು ಹೇಗೆ ಓದಬೇಕು ಎಂಬುದನ್ನು ಕಾಲಾನುಕ್ರಮವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ನಮ್ಮ ದೇಶದಲ್ಲಿ ಆರೋಗ್ಯ ವಿಮೆಯ ವಿಚಾರವು ಅಂಕಿಅಂಶಗಳ ಅಭಾವದ ಚರ್ಚೆಯೊಂದಿಗೇ ಆರಂಭವಾಯಿತೆಂಬುದು ಗಮನಾರ್ಹ. ೧೯೩೧ರಲ್ಲಿ ವರದಿ ಸಲ್ಲಿಸಿದ ಕಾರ್ಮಿಕರನ್ನು ಕುರಿತ ರಾಯಲ್ ಕಮಿಷನ್, ಕಾರ್ಮಿಕರಿಗೆ ಅನಾರೋಗ್ಯ ವಿಮೆ ಅಗತ್ಯವೆಂದು ಒಪ್ಪಿದರೂ, ಕಾಯಿಲೆಗಳ ಪ್ರಮಾಣವನ್ನು ಕುರಿತು ಮೊದಲು ಅಂಕಿಅಂಶಗಳನ್ನು ಸಂಗ್ರಹಿಸಬೇಕೆಂದು ಸೂಚಿಸಿತು. ೧೯೪೩ರಲ್ಲಿ ನೇಮಕಗೊಂಡ ಬಿ. ಪಿ. ಅಡಾರ್ಕರ್ ಅವರು ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯನ್ನು ಕುರಿತ ತಮ್ಮ ವರದಿಯನ್ನು ೧೯೪೪ರಲ್ಲಿ ಸಲ್ಲಿಸಿದರು. ಅದರ ಫಲವಾಗಿ ೧೯೪೮ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ರೂಪುಗೊಂಡಿತು. ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರದಲ್ಲಿ ಜವಾಹರಲಾಲ್ ನೆಹರೂ ಅವರು ಈ ಯೋಜನೆಯನ್ನು ಉದ್ಘಾಟಿಸಿದರು. ಕಾನ್ಪುರ ಮತ್ತು ದೆಹಲಿಗಳ ಸುಮಾರು ೧.೨೦ ಲಕ್ಷ ಕಾರ್ಮಿಕರು ಮೊದಲಿಗೆ ಇದರ ವ್ಯಾಪ್ತಿಗೆ ಬಂದರು. ಮುಂಬಯಿಗೆ ೧೯೫೪ರಲ್ಲಿಯೂ ಬೆಂಗಳೂರಿಗೆ ೧೯೫೮ರಲ್ಲಿಯೂ ಯೋಜನೆ ವಿಸ್ತರಿಸಿತು. ಜನರ ಬಾಯಲ್ಲಿ ಇದೇ ಇ.ಎಸ್.ಐ. ಆಯಿತು.

ಈ ಕಾಯಿದೆಯಲ್ಲಿ ಸಂಶೋಧಕರು ಗಮನಿಸಬೇಕಾದ ಒಂದು ವಿಧಿಯಿತ್ತು. ನಿಗಮದ ಲೆಕ್ಕಪತ್ರಗಳೂ ವಾರ್ಷಿಕ ವರದಿಯೂ ಸಂಸತ್ತಿನ ಮುಂದೆ ಬರಬೇಕೆಂದು ಅದು ವಿಧಿಸಿತ್ತು. ಹೀಗೆ ವಿಮೆಯ ದಾಖಲೆ ಮೊದಲಿನಿಂದಲೂ ಸಾರ್ವಜನಿಕ ಲೆಕ್ಕದ ಭಾಗವಾಯಿತು. ಎಷ್ಟು ಮಂದಿ ವಿಮಾದಾರರು, ಎಷ್ಟು ವಂತಿಗೆ, ಅನಾರೋಗ್ಯ ಭತ್ಯೆಗೆ ಎಷ್ಟು ವೆಚ್ಚ ಎಂಬುದನ್ನು ಗ್ರಂಥಾಲಯದಲ್ಲಿ ಕುಳಿತು ಯಾರೂ ಓದಬಹುದಾಗಿತ್ತು. ಆದರೆ ಈ ಮೊತ್ತಗಳ ಹಿಂದೆ ಇದ್ದ ಪ್ರತ್ಯೇಕ ಚೀಟಿಗಳು, ಅಂದರೆ ಒಬ್ಬೊಬ್ಬ ಕಾರ್ಮಿಕನ ವೈದ್ಯಕೀಯ ಪ್ರಮಾಣಪತ್ರ ಮತ್ತು ಭತ್ಯೆಯ ಪಾವತಿ, ಸ್ಥಳೀಯ ಕಚೇರಿಯ ಕಡತಗಳಲ್ಲಿಯೇ ಉಳಿದವು.

ಈ ವರದಿಗಳಲ್ಲಿ ಯಾರಿಲ್ಲ ಎಂಬುದನ್ನೂ ಕೇಳಬೇಕಾಗುತ್ತದೆ. ಆರಂಭದಲ್ಲಿ ಕಾಯಿದೆಯು ಯಂತ್ರಶಕ್ತಿಯನ್ನು ಬಳಸುವ, ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವ, ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. ತಿಂಗಳಿಗೆ ೪೦೦ ರೂಪಾಯಿಯ ಸಂಬಳದ ಮಿತಿಯೂ ಇತ್ತು. ಹೋಟೆಲು, ಅಂಗಡಿ, ಚಿತ್ರಮಂದಿರಗಳು ರಾಜ್ಯ ಸರ್ಕಾರಗಳ ಅಧಿಸೂಚನೆಗಳ ಮೂಲಕ ಬಹುಮಟ್ಟಿಗೆ ೧೯೭೦ರ ದಶಕದ ನಂತರವೇ ಇದರೊಳಗೆ ಬಂದವು. ಆದುದರಿಂದ ೧೯೫೦ರ ದಶಕದ ಮುಂಬಯಿ ವರದಿಗಳಲ್ಲಿ ಬಟ್ಟೆ ಗಿರಣಿಯ ಕನ್ನಡಿಗ ಕಾರ್ಮಿಕನು ಹೆಸರಿಲ್ಲದೆಯಾದರೂ ಒಂದು ಅಂಕಿಯಾಗಿ ಸೇರಿದ್ದಾನೆ. ಅದೇ ನಗರದ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಉಡುಪಿ ಕಡೆಯ ಹುಡುಗ ಅಂಕಿಯಾಗಿಯೂ ಇಲ್ಲ. ವರದಿಯನ್ನು ನೋಡಿ ಹೋಟೆಲು ಕಾರ್ಮಿಕರಲ್ಲಿ ಕ್ಷಯವಿರಲಿಲ್ಲವೆಂದು ತೀರ್ಮಾನಿಸುವುದು ಅಸಂಬದ್ಧವಾಗುತ್ತದೆ. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ೧೯೪೮ರ ಕಾಯಿದೆಯ ಸ್ಥಾನದಲ್ಲಿ ನಿಂತಿದೆ. ಹಳೆಯ ವರದಿಗಳನ್ನು ಓದುವವರು ಆಯಾ ವರ್ಷದಲ್ಲಿ ಕಾಯಿದೆ ಯಾರನ್ನು ಒಳಗೊಂಡಿತ್ತೆಂಬುದನ್ನು ಮೊದಲು ನಿರ್ಧರಿಸಿಕೊಳ್ಳದೆ ಮುಂದುವರಿಯಲಾಗದು.

೩

ಎರಡನೆಯ ಘಟ್ಟ ೨೦೦೩ರಿಂದ ಆರಂಭವಾಗುತ್ತದೆ. ಆ ವರ್ಷ ಕರ್ನಾಟಕದಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಕಾರ್ಯಾರಂಭ ಮಾಡಿತು. ಆಗ ಸದಸ್ಯನ ವಾರ್ಷಿಕ ವಂತಿಗೆ ೬೦ ರೂಪಾಯಿ. ೨೦೦೭ರಲ್ಲಿ ಆಂಧ್ರಪ್ರದೇಶದ ಆರೋಗ್ಯಶ್ರೀ, ೨೦೦೮ರಲ್ಲಿ ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ, ೨೦೧೦ರಲ್ಲಿ ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ, ೨೦೧೮ರ ಸೆಪ್ಟೆಂಬರ್ ೨೩ರಂದು ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಹೀಗೆ ಒಂದರ ಹಿಂದೊಂದು ಬಂದವು. ಕರ್ನಾಟಕದಲ್ಲಿ ಕೊನೆಯದು ಆರೋಗ್ಯ ಕರ್ನಾಟಕದೊಡನೆ ಕೂಡಿಕೊಂಡಿತು.

ಇವುಗಳಲ್ಲಿ ದಾಖಲೆಯ ಸ್ವರೂಪವೇ ಬದಲಾಯಿತು. ಇ.ಎಸ್.ಐ. ಬಹುಮಟ್ಟಿಗೆ ತನ್ನ ಚಿಕಿತ್ಸಾಲಯಗಳ ಮೂಲಕವೇ ಚಿಕಿತ್ಸೆ ನೀಡುತ್ತಿದ್ದರೆ, ಹೊಸ ಯೋಜನೆಗಳಲ್ಲಿ ಸರ್ಕಾರವು ಖಾಸಗಿ ಮತ್ತು ಸರ್ಕಾರಿ ಆಸ್ಪತ್ರೆಗಳಿಗೆ ಒಂದೊಂದು ಚಿಕಿತ್ಸೆಗೆ ನಿಗದಿತ ದರದಲ್ಲಿ ಹಣ ಪಾವತಿಸುತ್ತದೆ. ಆ ಪಾವತಿಗಾಗಿ ಆಸ್ಪತ್ರೆ ಸಲ್ಲಿಸುವ ಬೇಡಿಕೆಯೇ ಕ್ಲೇಮು. ಅದರಲ್ಲಿ ಕಾರ್ಡಿನ ಸಂಖ್ಯೆ, ವಯಸ್ಸು, ಲಿಂಗ, ದಾಖಲಾದ ಮತ್ತು ಬಿಡುಗಡೆಯಾದ ದಿನ, ಚಿಕಿತ್ಸೆಯ ಸಂಕೇತ, ಮೊತ್ತ ಇವೆಲ್ಲ ಇರುತ್ತವೆ. ಹಿಂದೆ ಕಡತದ ಚೀಟಿಯಲ್ಲಿ ಅಡಗಿದ್ದ ವಿವರ ಈಗ ಗಣಕಯಂತ್ರದಲ್ಲಿ ಒಟ್ಟಾಗಿ ಸಂಚಯವಾಗಿದೆ. ಸಂಶೋಧಕನ ದೃಷ್ಟಿಯಿಂದ ಇಷ್ಟು ಸಮೃದ್ಧವಾದ ಆಕರ ಹಿಂದೆಂದೂ ಇರಲಿಲ್ಲ.

ಆದರೆ ಕ್ಲೇಮು ಹಣಕ್ಕಾಗಿ ಬರೆದ ದಾಖಲೆ. ಯಾವ ಚಿಕಿತ್ಸೆಗೆ ದರ ನಿಗದಿಯಾಗಿದೆಯೋ ಅದೇ ಅಲ್ಲಿ ಕಾಣಿಸುತ್ತದೆ. ದರವಿಲ್ಲದ ಕಾಯಿಲೆಗೆ ಅಲ್ಲಿ ಜಾಗವಿಲ್ಲ. ರೋಗಿ ತನ್ನ ಮಾತಿನಲ್ಲಿ ಹೇಳಿಕೊಂಡ ನೋವು ಸಂಕೇತವಾಗುವ ಹೊತ್ತಿಗೆ ಮೂರು ನಾಲ್ಕು ಕೈಗಳನ್ನು ದಾಟಿರುತ್ತದೆ. ಪ್ರತಿಯಿಂದ ಪ್ರತಿಗೆ ಬರುವಾಗ ಪಾಠ ಹೇಗೆ ಬದಲಾಗುತ್ತದೆಂಬುದನ್ನು ಬಲ್ಲ ಗ್ರಂಥಸಂಪಾದಕನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕರ್ನಾಟಕಕ್ಕೆ ಸಂಬಂಧಿಸಿದ ಎರಡು ಅಧ್ಯಯನಗಳು ಈ ಮಿತಿಯನ್ನು ಚೆನ್ನಾಗಿ ಸ್ಪಷ್ಟಪಡಿಸುತ್ತವೆ. ಬೆಂಗಳೂರಿನ ಡಿ. ರಾಜಶೇಖರ್ ಮತ್ತು ಅವರ ಸಹೋದ್ಯೋಗಿಗಳು ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಕರ್ನಾಟಕದಲ್ಲಿ ಜಾರಿಯಾದ ಆರು ತಿಂಗಳ ನಂತರದ ಸ್ಥಿತಿಯನ್ನು ಮನೆಮನೆಯ ಸಮೀಕ್ಷೆಯ ಮೂಲಕ ಪರಿಶೀಲಿಸಿ ೨೦೧೧ರಲ್ಲಿ ಪ್ರಕಟಿಸಿದರು. ಅರ್ಹ ಕುಟುಂಬಗಳಲ್ಲಿ ಶೇಕಡಾ ೮೫ರಷ್ಟು ಯೋಜನೆಯ ಬಗ್ಗೆ ತಿಳಿದಿದ್ದವು. ಶೇಕಡಾ ೬೮ರಷ್ಟು ನೋಂದಣಿಯಾಗಿದ್ದವು. ಆದರೆ ಯೋಜನೆಯ ಬಳಕೆ ಹೆಚ್ಚುಕಡಿಮೆ ಶೂನ್ಯ. ಕಚೇರಿಯ ನೋಂದಣಿ ಪುಸ್ತಕವೊಂದನ್ನೇ ನೋಡಿದವರಿಗೆ ಯೋಜನೆ ಯಶಸ್ವಿಯಾಗಿ ಕಾಣುತ್ತಿತ್ತು.

ಎರಡನೆಯದು ವಾಜಪೇಯಿ ಆರೋಗ್ಯಶ್ರೀಯನ್ನು ಕುರಿತದ್ದು. ಈ ಯೋಜನೆ ಮೊದಲು ಉತ್ತರ ಕರ್ನಾಟಕದಲ್ಲಿ ಮಾತ್ರ ಜಾರಿಯಾಗಿತ್ತು. ನೀರಜ್ ಸೂದ್, ಅರ್ನಬ್ ಮುಖರ್ಜಿ ಮೊದಲಾದವರು ಯೋಜನೆಯ ಗಡಿಯ ಎರಡೂ ಬದಿಯ ೫೭೨ ಹಳ್ಳಿಗಳಲ್ಲಿ ಸುಮಾರು ೬೦ ಸಾವಿರ ಕುಟುಂಬಗಳ ಸಮೀಕ್ಷೆ ನಡೆಸಿ, ೨೦೧೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯೋಜನೆ ಒಳಗೊಂಡಿದ್ದ ಚಿಕಿತ್ಸೆಗಳಿಂದ ಪರಿಹಾರ ಸಾಧ್ಯವಿದ್ದ ಕಾಯಿಲೆಗಳಿಂದಾದ ಮರಣದ ಪ್ರಮಾಣ ಬಡ ಕುಟುಂಬಗಳಲ್ಲಿ, ಯೋಜನೆಯಿದ್ದ ಹಳ್ಳಿಗಳಲ್ಲಿ ಶೇಕಡಾ ೦.೩೨, ಇಲ್ಲದ ಹಳ್ಳಿಗಳಲ್ಲಿ ಶೇಕಡಾ ೦.೯೦ ಎಂದು ಅವರು ಕಂಡುಕೊಂಡರು. ಇಷ್ಟು ಮುಖ್ಯವಾದ ಸಂಗತಿ ಕ್ಲೇಮುಗಳಿಂದ ಮಾತ್ರವೇ ತಿಳಿಯುವಂತಿರಲಿಲ್ಲ. ಆಸ್ಪತ್ರೆಗೆ ಬಂದವನ ಹೆಸರು ಕ್ಲೇಮಿನಲ್ಲಿ ಉಂಟು. ಬಾರದೆ ಮನೆಯಲ್ಲಿಯೇ ಸತ್ತವನ ಹೆಸರು ಇಲ್ಲ. ಬಂದವನನ್ನು ಅರ್ಥಮಾಡಿಕೊಳ್ಳಲು ಬಾರದವನೂ ಬೇಕು.

೪

ಹಾಗಾದರೆ ಕ್ಲೇಮುಗಳ ದತ್ತಾಂಶ ಸಂಶೋಧಕನಿಗೆ ಅನಗತ್ಯವೇ ಎಂಬ ಪ್ರಶ್ನೆ ಏಳಬಹುದು. ಖಂಡಿತ ಹಾಗಲ್ಲ. ಕೆಲವು ಸಂಗತಿಗಳು ಅಲ್ಲಿ ಕಂಡುಬರುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣವು.

ಗರ್ಭಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಪ್ರಕರಣ ಇದಕ್ಕೆ ನಿದರ್ಶನ. ಬಿಹಾರ, ಛತ್ತೀಸಗಢ ಮತ್ತು ರಾಜಸ್ಥಾನಗಳಲ್ಲಿ ವಿಮೆಯ ಹಣಕ್ಕಾಗಿ ಬಡ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಲಾಗುತ್ತಿದೆಯೆಂದು ಡಾ. ನರೇಂದ್ರ ಗುಪ್ತಾ ಅವರು ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. ೨೦೨೩ರ ಏಪ್ರಿಲ್‌ನಲ್ಲಿ ನ್ಯಾಯಾಲಯವು, ಇಂತಹ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ನಿರ್ದೇಶಿಸಿತು. ಈ ನಡುವೆ ೨೦೧೯ರಲ್ಲಿ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವೇ ಆಯುಷ್ಮಾನ್ ಭಾರತ್ ಯೋಜನೆಯ ಮೊದಲ ತಿಂಗಳುಗಳ ಗರ್ಭಕೋಶ ಶಸ್ತ್ರಚಿಕಿತ್ಸೆಯ ಕ್ಲೇಮುಗಳನ್ನು ವಿಶ್ಲೇಷಿಸಿ ಪ್ರಬಂಧವೊಂದನ್ನು ಪ್ರಕಟಿಸಿತು. ಯಾವ ರಾಜ್ಯದಲ್ಲಿ, ಯಾವ ವಯಸ್ಸಿನವರಲ್ಲಿ, ಯಾವ ಬಗೆಯ ಆಸ್ಪತ್ರೆಯಲ್ಲಿ ಒಂದು ಶಸ್ತ್ರಚಿಕಿತ್ಸೆ ಮಿತಿಮೀರಿದೆ ಎಂಬುದನ್ನು ಕ್ಲೇಮುಗಳ ಮೊತ್ತ ತೋರಿಸಬಲ್ಲದು. ಒಬ್ಬೊಬ್ಬ ಹೆಣ್ಣುಮಗಳೂ ತನಗೊಬ್ಬಳಿಗೇ ಹೀಗಾಯಿತೆಂದು ತಿಳಿದಿದ್ದುದು ಒಂದು ಪದ್ಧತಿಯೇ ಆಗಿತ್ತೆಂಬುದು ದಾಖಲೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಾತ್ರ ಹೊರಬರುತ್ತದೆ. ದಾಖಲೆ ಕಚೇರಿಯೊಳಗೇ ಉಳಿದರೆ ಕಷ್ಟಪಟ್ಟವರಿಗೆ ಸಾಕ್ಷಿಯಿಲ್ಲದಂತಾಗುತ್ತದೆ.

ದಾಖಲೆಯ ಪರಿಶುದ್ಧತೆಯೂ ಹೊರಗಿನವರ ಕಣ್ಣಿಗೆ ಬಿದ್ದಾಗಲೇ ಪರೀಕ್ಷೆಗೊಳಗಾಗುತ್ತದೆ. ೨೦೨೩ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ ವರದಿಯಲ್ಲಿ, ಆಯುಷ್ಮಾನ್ ಭಾರತ್ ಯೋಜನೆಯ ೭,೪೯,೮೨೦ ಫಲಾನುಭವಿಗಳ ಹೆಸರಿನ ಮುಂದೆ ೯೯೯೯೯೯೯೯೯೯ ಎಂಬ ಒಂದೇ ದೂರವಾಣಿ ಸಂಖ್ಯೆ ನಮೂದಾಗಿದ್ದುದು ಬಯಲಾಯಿತು. ಫಲಾನುಭವಿಯ ಗುರುತು ಪರಿಶೀಲನೆಯಲ್ಲಿ ದೂರವಾಣಿ ಸಂಖ್ಯೆಗೆ ಪಾತ್ರವಿಲ್ಲವೆಂದು ಸರ್ಕಾರ ವಿವರಣೆ ನೀಡಿತು. ಓಲೆಗರಿಯ ತ್ರುಟಿತ ಭಾಗವನ್ನು ಲಿಪಿಕಾರನು ತನಗೆ ತೋಚಿದ ಅಕ್ಷರಗಳಿಂದ ತುಂಬಿರುವುದನ್ನು ಕಂಡವರಿಗೆ ಇದು ಹೊಸದಲ್ಲ. ಖಾಲಿ ಬಿಡಬಾರದೆಂಬ ಒತ್ತಾಯವಿದ್ದಲ್ಲಿ ಬರೆಯುವವನು ಏನನ್ನಾದರೂ ಬರೆಯುತ್ತಾನೆ. ಈ ಸಂಖ್ಯೆಯನ್ನು ನಂಬಿ ಏಳೂವರೆ ಲಕ್ಷ ಮಂದಿ ಒಂದೇ ಮನೆಯವರೆಂದು ಯಾರೂ ಹೇಳಲಾರರು. ಆದರೆ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳದ ತಪ್ಪುಗಳನ್ನು ಗುರುತಿಸಲು ಪಾಠಪರಿಷ್ಕರಣದ ಎಚ್ಚರವೇ ಬೇಕಾಗುತ್ತದೆ.

೫

ಇನ್ನು ಈ ದಾಖಲೆಗಳನ್ನು ಪಡೆಯುವ ಮಾರ್ಗವನ್ನು ವಿಚಾರಿಸೋಣ. ೨೦೦೫ರ ಮಾಹಿತಿ ಹಕ್ಕು ಅಧಿನಿಯಮವು ಸಾಮಾನ್ಯ ಪ್ರಜೆಗೂ ಸಂಶೋಧಕನಿಗೂ ಒಂದೇ ಬಾಗಿಲನ್ನು ತೆರೆಯಿತು. ಅರ್ಜಿದಾರನು ಕಾರಣವನ್ನು ಹೇಳಬೇಕಾಗಿಲ್ಲ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ದಾಖಲೆಯ ಒಂದು ಭಾಗವನ್ನು ಕೊಡಲಾಗದಿದ್ದರೆ ಆ ಭಾಗವನ್ನು ಬೇರ್ಪಡಿಸಿ ಉಳಿದುದನ್ನು ಕೊಡಲು ಹತ್ತನೆಯ ಪ್ರಕರಣ ಅವಕಾಶ ನೀಡುತ್ತದೆ. ಆದರೆ ಕಚೇರಿಯಲ್ಲಿ ಇಲ್ಲದ ಮಾಹಿತಿಯನ್ನು ಅರ್ಜಿದಾರನಿಗಾಗಿ ಹೊಸದಾಗಿ ಸಿದ್ಧಪಡಿಸಿ ಕೊಡುವ ಹೊಣೆ ಅಧಿಕಾರಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ‘ಕನ್ನಡಿಗರ ಕಾಯಿಲೆಗಳ ವಿವರ ಕೊಡಿ’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಕಚೇರಿ ಯಾವ ನಮೂನೆಯಲ್ಲಿ, ಯಾವ ಅಂಕಣಗಳಲ್ಲಿ ದಾಖಲೆಯಿಡುತ್ತದೆಂಬುದನ್ನು ಮೊದಲು ಕೇಳಿ ತಿಳಿದು, ಅನಂತರ ಜಿಲ್ಲೆ, ವರ್ಷ, ಚಿಕಿತ್ಸೆಗಳನ್ನು ಹೆಸರಿಸಿ ಅದೇ ಅಂಕಣಗಳನ್ನು ಕೇಳುವುದು ಸರಿಯಾದ ಕ್ರಮ.

ಒಬ್ಬೊಬ್ಬ ರೋಗಿಯ ಮಟ್ಟದ ದಾಖಲೆಯ ಪ್ರಶ್ನೆ ಬೇರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಇದರ ಮುಂದುವರಿಕೆ. ಅದರ ಮೂಲಕ ಮಾಹಿತಿ ಹಕ್ಕಿನ ಎಂಟನೆಯ ಪ್ರಕರಣಕ್ಕೆ ಬಂದ ತಿದ್ದುಪಡಿ ೨೦೨೫ರ ನವೆಂಬರ್‌ನಲ್ಲಿ ಜಾರಿಯಾಯಿತು. ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವ ಅಧಿಕಾರ ಇದರಿಂದ ವಿಶಾಲವಾಗಿದೆ. ಸಾರ್ವಜನಿಕ ಹಿತ ಹೆಚ್ಚಿನದೆನಿಸಿದಲ್ಲಿ ಮಾಹಿತಿ ಕೊಡಬಹುದೆಂಬ ಎಂಟನೆಯ ಪ್ರಕರಣದ ಎರಡನೆಯ ಉಪಪ್ರಕರಣ ಮಾತ್ರ ಹಾಗೆಯೇ ಉಳಿದಿದೆ. ಇದರ ಜೊತೆಗೆ ೨೦೨೩ರ ಅಧಿನಿಯಮದ ಹದಿನೇಳನೆಯ ಪ್ರಕರಣವು ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರೀಯ ಉದ್ದೇಶಗಳಿಗೆ, ಆ ದತ್ತಾಂಶದಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ನಿರ್ಣಯ ಕೈಗೊಳ್ಳಬಾರದೆಂಬ ಷರತ್ತಿನೊಡನೆ, ವಿನಾಯಿತಿಯನ್ನು ಕಲ್ಪಿಸಿದೆ. ಅಂದರೆ ಸಂಶೋಧನೆಯನ್ನು ಕಾನೂನು ನಿಷೇಧಿಸಿಲ್ಲ. ಕಾನೂನು ಅನುಮತಿಸಿದುದನ್ನು ಕೊಡುವ ಕ್ರಮ ಯಾವುದು ಎಂಬುದೇ ಮುಖ್ಯ.

ಈ ವಿಷಯದಲ್ಲಿ ತೈವಾನಿನ ಅನುಭವವನ್ನು ಗಮನಿಸಬಹುದು. ಅಲ್ಲಿ ೧೯೯೫ರಿಂದ ಇಡೀ ಜನತೆಗೆ ಸರ್ಕಾರಿ ಆರೋಗ್ಯ ವಿಮೆಯಿದೆ. ಅದರ ದಾಖಲೆಗಳು ಸಂಶೋಧಕರಿಗೆ ದೊರೆತು ಅಸಂಖ್ಯ ಅಧ್ಯಯನಗಳಿಗೆ ಆಧಾರವಾಗಿವೆ. ಆದರೆ ತಮ್ಮ ದಾಖಲೆಯನ್ನು ಬಳಸಬೇಡಿರೆಂದು ಹೇಳುವ ಅವಕಾಶವೇ ಪ್ರಜೆಗಳಿಗಿಲ್ಲವೆಂಬುದನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ ೨೦೨೨ರಲ್ಲಿ ಆಕ್ಷೇಪಿಸಿ, ಮೂರು ವರ್ಷಗಳಲ್ಲಿ ಕಾನೂನನ್ನು ಸರಿಪಡಿಸಬೇಕೆಂದು ತೀರ್ಪು ನೀಡಿತು. ಬಾಗಿಲನ್ನು ತೆರೆದವರೂ ರೋಗಿಯ ಒಪ್ಪಿಗೆಯನ್ನು ಮರೆಯುವಂತಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ನಮ್ಮಲ್ಲಿಯೇ ಒಂದು ಒಳ್ಳೆಯ ಪರಂಪರೆಯಿದೆ. ಕೇಂದ್ರ ಸರ್ಕಾರದ ೧೯೯೯ರ ಅಂಕಿಅಂಶ ಪ್ರಸಾರ ನೀತಿಯ ಅನಂತರ, ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕುಟುಂಬಮಟ್ಟದ ದತ್ತಾಂಶವು ಹೆಸರು, ಗುರುತುಗಳನ್ನು ತೆಗೆದು ಸಂಶೋಧಕರಿಗೆ ದೊರೆಯುತ್ತಿದೆ. ಆರೋಗ್ಯವನ್ನು ಕುರಿತ ೨೦೧೭-೧೮ರ ೭೫ನೆಯ ಸುತ್ತಿನ ದತ್ತಾಂಶವನ್ನು ಮುಂಬಯಿಯಲ್ಲಿ ಕುಳಿತವರೂ ದೆಹಲಿಯಲ್ಲಿ ಕುಳಿತವರೂ ಸಮಾನವಾಗಿ ಪಡೆಯಬಹುದು. ಅದಕ್ಕೆ ಅಧಿಕಾರಿಯ ಪರಿಚಯ ಬೇಕಿಲ್ಲ. ವಿಮೆಯ ಕ್ಲೇಮುಗಳ ವಿಷಯದಲ್ಲಿ ಸಂಶೋಧಕನು ಪ್ರಾಧಿಕಾರದೊಡನೆ ಅಥವಾ ರಾಜ್ಯದ ಟ್ರಸ್ಟಿನೊಡನೆ ಪ್ರತ್ಯೇಕವಾಗಿ ಒಪ್ಪಂದ ಮಾಡಿಕೊಳ್ಳಬೇಕಾಗುತ್ತದೆ. ಹೀಗಾದಾಗ ದೊಡ್ಡ ಸಂಸ್ಥೆಯ ಹೆಸರುಳ್ಳವರಿಗೆ ದಾರಿ ಸುಲಭ. ಹೊರರಾಜ್ಯದ ಸಣ್ಣ ಭಾಷಾ ವಿಭಾಗದ ವಿದ್ಯಾರ್ಥಿಗೆ ದುರ್ಗಮ. ಯಾರಿಗೆ ದಾಖಲೆ ದೊರೆಯಿತೋ ಅವರ ಪ್ರಶ್ನೆಗಳಿಗೆ ಮಾತ್ರ ಉತ್ತರ ದೊರೆಯುತ್ತದೆಂಬುದು ಇದರ ಪರಿಣಾಮ.

೬

ಹೊರನಾಡ ಕನ್ನಡಿಗರ ವಿಷಯಕ್ಕೆ ಬರೋಣ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಒಂದು ರಾಜ್ಯದ ಕಾರ್ಡನ್ನು ಯೋಜನೆಯಿರುವ ಇನ್ನೊಂದು ರಾಜ್ಯದಲ್ಲಿ ಬಳಸುವ ಅವಕಾಶವಿದೆ. ಹಣ ಯಾವ ರಾಜ್ಯದಿಂದ ಸಲ್ಲಬೇಕೆಂಬುದನ್ನು ನಿರ್ಧರಿಸಬೇಕಾದುದರಿಂದ ಕಾರ್ಡಿನ ರಾಜ್ಯ, ಚಿಕಿತ್ಸೆಯ ರಾಜ್ಯ ಎರಡೂ ದಾಖಲಾಗುತ್ತವೆ. ಕಲಬುರಗಿಯ ಕಾರ್ಡುಳ್ಳ ಕೂಲಿಯು ಪುಣೆಯಲ್ಲಿ ಚಿಕಿತ್ಸೆ ಪಡೆದರೆ ಅದು ದಾಖಲೆಯಲ್ಲಿ ಕಾಣುತ್ತದೆ. ವಲಸೆಯ ಅಧ್ಯಯನಕ್ಕೆ ಇದು ಅಮೂಲ್ಯ. ಆದರೆ ಪುಣೆಯಲ್ಲಿಯೇ ಎರಡು ತಲೆಮಾರು ಕಳೆದು ಮಹಾರಾಷ್ಟ್ರದ ಪಡಿತರ ಚೀಟಿ ಪಡೆದ ಕನ್ನಡಿಗನು ಅದೇ ದಾಖಲೆಯಲ್ಲಿ ಕನ್ನಡಿಗನಾಗಿ ಕಾಣಿಸುವುದಿಲ್ಲ. ಮನೆಮಾತು ಜನಗಣತಿಯ ಪ್ರಶ್ನೆ, ವಿಮೆಯ ಪ್ರಶ್ನೆಯಲ್ಲ. ಜನಗಣತಿಯ ಭಾಷಾ ಕೋಷ್ಟಕ, ವಿಮೆಯ ಅಂತರರಾಜ್ಯ ಕ್ಲೇಮುಗಳು, ಸಮೀಕ್ಷೆಯ ದತ್ತಾಂಶ ಈ ಮೂರನ್ನೂ ಎದುರುಬದುರಿಟ್ಟು, ಅನಂತರ ಬಡಾವಣೆಗೆ ಹೋಗಿ ಜನರನ್ನು ಅವರ ಮಾತಿನಲ್ಲಿಯೇ ಮಾತನಾಡಿಸಬೇಕು. ಈ ಕೊನೆಯ ಕೆಲಸಕ್ಕೆ ಕನ್ನಡ ಬಲ್ಲ ಸಂಶೋಧಕನೇ ಬೇಕು. ಹೊರನಾಡಿನ ಕನ್ನಡ ಪೀಠಗಳಿಗೆ ಇಲ್ಲಿ ವಿಶೇಷ ಹೊಣೆಯಿದೆಯೆಂದು ನಾವು ಭಾವಿಸುತ್ತೇವೆ.

ಮೇಲಿನ ಪರಿಶೀಲನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ೧೯೩೧ರಲ್ಲಿ ಅಂಕಿಅಂಶವಿಲ್ಲವೆಂದು ವಿಮೆ ತಡವಾಯಿತು. ಇಂದು ವಿಮೆಯಿಂದ ಅಪಾರ ಅಂಕಿಅಂಶ ಹುಟ್ಟಿದೆ, ಆದರೆ ಅದನ್ನು ಓದುವ ಹಕ್ಕು ಸಮಾನವಾಗಿ ಹಂಚಿಕೆಯಾಗಿಲ್ಲ. ಈ ದಾಖಲೆಗಳು ಕಾರ್ಮಿಕನ ವಂತಿಗೆಯಿಂದಲೂ ಪ್ರಜೆಗಳ ತೆರಿಗೆಯಿಂದಲೂ ನಿರ್ಮಾಣವಾದವು. ರೋಗಿಯ ಗುರುತನ್ನು ಕಾಪಾಡುವುದು ಸರ್ಕಾರದ ಕರ್ತವ್ಯ. ಗುರುತನ್ನು ತೆಗೆದ ದಾಖಲೆಯನ್ನು ಲಿಖಿತ ನಿಯಮದ ಮೇರೆಗೆ, ನೀತಿ ಸಮಿತಿಯ ಒಪ್ಪಿಗೆ ಪಡೆದ ಎಲ್ಲ ಸಂಶೋಧಕರಿಗೂ ನಿಗದಿತ ಅವಧಿಯಲ್ಲಿ ಒದಗಿಸುವುದೂ ಅದರ ಕರ್ತವ್ಯವೇ. ಮೊದಲನೆಯದನ್ನು ಎರಡನೆಯದರ ನಿರಾಕರಣೆಗೆ ನೆಪವಾಗಿಸುವುದು ಉಚಿತವಲ್ಲ. ಅಂತೆಯೇ ದಾಖಲೆ ಕೈಗೆ ಬಂದ ಮೇಲೆ, ಅದು ಯಾರಿಂದ ಯಾವ ಉದ್ದೇಶಕ್ಕಾಗಿ ಬರೆಯಲ್ಪಟ್ಟಿತೆಂಬುದನ್ನು ಕೇಳದೆ ಅದರ ಮಾತನ್ನು ಒಪ್ಪಿಕೊಳ್ಳದಿರುವುದು ಸಂಶೋಧಕನ ಕರ್ತವ್ಯ. ಕೋಡಿಯ ಮಠದ ಬಾಗಿಲಿಗೆ ಬಂದ ರೋಗಿಗಳ ವಿಷಯದಲ್ಲಿ ನಾವು ಇಂದು ಏನನ್ನೂ ಮಾಡಲಾರೆವು. ನಮ್ಮ ಕಾಲದ ರೋಗಿಗಳ ದಾಖಲೆ ಇದೆ. ಅದನ್ನು ಮರ್ಯಾದೆಯಿಂದ ಕೇಳಿ ಪಡೆದು, ಎಚ್ಚರದಿಂದ ಓದುವ ಕೆಲಸ ನಮ್ಮದು.